ಚಂಡಿ ಕಟ್ಟಿಗೆ

ಮಳೆಗಾಲದಲ್ಲಿ ನಮ್ಮ ಯಡ್ತರೆಯಲ್ಲಿ ಕರೆಂಟು ಹೋದರೆ ನನಗೆ ಎರಡೇ ಕೆಲಸ: ಹಲಸಿನ ಹಪ್ಪಳ ತಿನ್ನುವುದು, ‘ಮರಳಿ ಮಣ್ಣಿಗೆ’ ಓದುವುದು. ಸುಟ್ಟ ಹಪ್ಪಳಕ್ಕೆ ಸವರಿದ ತೆಂಗಿನೆಣ್ಣೆ ಪುಟಗಳಿಗೂ ತಗುಲಿ, ಈಗ ಕೆಲವು ಅಧ್ಯಾಯಗಳನ್ನು ಆಚೆ ಬದಿಯಿಂದಲೂ ಓದಬಹುದು.

ಶಿವರಾಮ ಕಾರಂತರ ಈ ಕಾದಂಬರಿಯ ಐತಾಳರ ಮನೆ ಇರುವುದು ಕೋಟದ ಬಗಲಿನ ಕೋಡಿಯಲ್ಲಿ. ನಮ್ಮಿಂದ ಕುಂದಾಪುರ ದಾಟಿ ತೆಂಕಕ್ಕೆ ಹೋಗಬೇಕು. ಒಂದು ಬದಿ ಕಡಲು, ಇನ್ನೊಂದು ಬದಿ ಹೊಳೆ, ನಡುವೆ ಮೂರು ತಲೆಮಾರು. ಆಷಾಢದ ರಾತ್ರಿ ಓದುತ್ತಾ ಕೂತರೆ ಮೊರೆಯುತ್ತಿರುವುದು ನಮ್ಮ ಬದಿಯ ಸೋಮೇಶ್ವರದ ಕಡಲೋ ಪುಸ್ತಕದ ಕಡಲೋ ತಿಳಿಯುವುದಿಲ್ಲ. ಅಲ್ಲಿಯವರೆಗೆ ತಕರಾರಿಲ್ಲ.

ತಕರಾರು ಪಾರೋತಿ, ಸರಸೋತಿಯರದು. ರಾಮ ಐತಾಳರು ಪೌರೋಹಿತ್ಯ ಮುಗಿಸಿ ಬರುವಷ್ಟರಲ್ಲಿ ಹೆಂಡತಿಯೂ ವಿಧವೆ ತಂಗಿಯೂ ಮನೆ, ಗದ್ದೆ ಎರಡನ್ನೂ ಸೊಂಟದ ಮೇಲೆ ಹೊತ್ತಿರುತ್ತಾರೆ. ನೆರೆಯಲ್ಲಿ ತೇಲಿ ಬರುವ ಒದ್ದೆ, ನಮ್ಮ ಮಾತಿನಲ್ಲಿ ಚಂಡಿ, ಕಟ್ಟಿಗೆಯನ್ನೂ ಬಿಡುವುದಿಲ್ಲ. 1902ರಲ್ಲಿ ಕೋಟದಲ್ಲೇ ಹುಟ್ಟಿದ ಕಾರಂತರಿಗೆ ಆ ದುಡಿಮೆ ಕಾಣಲಿಲ್ಲ ಎನ್ನುವಂತಿಲ್ಲ. ನಾನೇ ಮಳೆಯ ಚಂದ ಸವಿಯುತ್ತಾ ಹೊರೆ ಹೊತ್ತವರನ್ನು ದಾಟಿ ಮುಂದೆ ಹೋಗಿದ್ದೆ, ಅದೂ ಮೂರು ಸಲ.

ಸಿಕ್ಕಿಬಿದ್ದದ್ದು ಅಮ್ಮಮ್ಮನಿಗೆ ಓದಿ ಹೇಳುವಾಗ. ಕಾರಂತರ ಇನ್ನೊಂದು ಕಾದಂಬರಿಯ ಮೂಕಜ್ಜಿ ಯಾವುದನ್ನಾದರೂ ಮುಟ್ಟಿದರೆ ಹಿಂದಿನದೆಲ್ಲ ಕಾಣುತ್ತಾಳಷ್ಟೆ. ನಮ್ಮ ಅಮ್ಮಮ್ಮ ಪುಸ್ತಕ ಮುಟ್ಟಿ, “ಭಾರ ಇತ್ತಲೆ” ಎಂದರು. ಕಟ್ಟಿಗೆಯ ಭಾಗವನ್ನು ನಾನು ಗದ್ಗದಿತನಾಗಿ ಓದಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ:

“ಅಷ್ಟ್ ಚಂಡಿ ಕಟ್ಗಿ ಎಲ್ಲ್ ಒಣಗ್ಸ್ರ್?”

ವಿಮರ್ಶಕರು ಯಾರೂ ಇದನ್ನು ಕೇಳಿದ್ದು ನಾನು ಓದಿಲ್ಲ.

“ಒಳ್ಳೇ ಕಾದಂಬರಿ ಅಮ್ಮಮ್ಮ ಇದು.”

“ಇದ್ರಗೆ ಎಂತ ಕಥಿ ಇತ್ತ್ ಮಗಾ? ನಾವ್ ದಿನಾ ಮಾಡ್ದೇ ಅಲ್ದಾ?”

ಹೊಗಳಿದರೋ ತೆಗಳಿದರೋ ಇಂದಿಗೂ ಗೊತ್ತಾಗಿಲ್ಲ. ಐತಾಳರ ಮಗ ಲಚ್ಚನ ಹೆಸರು ಬಂದಾಗಲೆಲ್ಲ ಮಾತ್ರ ಎಲೆಯಡಿಕೆ ಉಗಿಯಲು ಅಂಗಳಕ್ಕೆ ಎದ್ದು ಹೋಗುತ್ತಿದ್ದರು. ಅವನ ಹೆಂಡತಿ ನಾಗವೇಣಿಯ ಭಾಗಕ್ಕೆ ಸುಮ್ಮನೆ ಕೂತರು.

ಕೊನೆಯಲ್ಲಿ ಐತಾಳರ ಮೊಮ್ಮಗ ರಾಮ ಪಟ್ಟಣ ಸುತ್ತಿ ಮಣ್ಣಿಗೆ ಮರಳುತ್ತಾನೆ. ನನಗೆ ಕಣ್ಣು ತುಂಬುವ ಜಾಗ ಅದು. ನಮ್ಮೂರ ಕಡೆಯವರು ಬೆಂಗಳೂರಿನ ಹೋಟೆಲುಗಳಿಂದ ಮರಳುವುದು ಹಬ್ಬಕ್ಕೆ, ಬಂದರೂ ಎರಡು ದಿನ. ಅಮ್ಮಮ್ಮ ಅರೆಗಣ್ಣು ತೆರೆದರು.

“ಬಂದವ್ನಿಗೆ ಗಂಜಿ ಬೇಯ್ಸಿದ್ದ್ ಯಾರ್?”

ನಾನು ಪುಟ ಹಿಂದೆ ಮುಂದೆ ತಿರುಗಿಸತೊಡಗಿದೆ.

“ಹುಡ್ಕ್, ಹುಡ್ಕ್” ಎನ್ನುತ್ತಾ ಮೊಣಕಾಲು ಹಿಡಿದು ಎದ್ದು, ಒಲೆ ಊದಲು ಒಳಗೆ ಹೋದರು. ನನಗೆ ಇನ್ನೆರಡು ಹಪ್ಪಳ ಬೇಕಿತ್ತು.