ಉದ್ಘಾಟನೆಯಾದ ಮೇಲೆ ಕಾಣೆಯಾದವರಿಗೆ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಲ್ಲಿ ಅಂಗಡಿ, ಶಾಲೆ, ಸಂಘಗಳಿಗೆ ವೆಬ್‌ಸೈಟ್ ಮಾಡಿಕೊಡುವ ಮಾನ್ಯರಿಗೆ ಗಿರಾಕಿಗಳ ಪರವಾಗಿ ನಮಸ್ಕಾರಗಳು.

ತಾವು ಕ್ಷೇಮವೆಂದು ನಂಬಿದ್ದೇವೆ. ಕೇಳಿ ತಿಳಿಯೋಣವೆಂದರೆ ಫೋನ್ ಸ್ವಿಚ್ ಆಫ್. ಉದ್ಘಾಟನೆಯ ದಿನ ಅಧ್ಯಕ್ಷರ ಕೈಗೆ ಮೌಸ್ ಕೊಟ್ಟು, "ಇನ್ನು ಇಡೀ ಪ್ರಪಂಚ ನಿಮ್ಮನ್ನ ನೋಡುತ್ತೆ ಸಾರ್" ಅಂದಿರಿ. ಪ್ರಪಂಚದ ಮಾತು ಹಾಗಿರಲಿ, ಅವತ್ತಿನಿಂದ ತಾವೇ ನೋಡಿದಂತಿಲ್ಲ.

ತಮ್ಮ ಕಲೆಯ ಬಗ್ಗೆ ಎರಡು ಮಾತಿಲ್ಲ. ಅಡಿಕೆ ಮಂಡಿಯ ಪುಟದಲ್ಲಿ ಹೊಂಗೂದಲ ಹೆಂಗಸೊಬ್ಬಳು ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ನಗುತ್ತಾಳೆ. ಮಂಡಿಯ ಹಮಾಲರಿಗೆ ಅವಳ ಪರಿಚಯವಿಲ್ಲ. 'ನಮ್ಮ ಬಗ್ಗೆ' ಎಂಬಲ್ಲಿ ಜಾಗ ತುಂಬಿಸಲು ಹಾಕಿದ್ದ ನಾಲ್ಕು ಪ್ಯಾರಾ ಲ್ಯಾಟಿನ್ ಹಾಗೇ ಉಳಿದಿದೆ. ಮಂತ್ರವಿರಬೇಕೆಂದು ನಮ್ಮ ಮೇಷ್ಟ್ರು ಕೈ ಮುಗಿದರು. ಹಿರಿಯೂರಿನ ಲಾಡ್ಜ್ ಒಂದರ ಸೈಟು, ವಾಣಿವಿಲಾಸ ಸಾಗರ 1933ರ ಬಳಿಕ ಕೋಡಿ ಬಿದ್ದೇ ಇಲ್ಲ ಎನ್ನುತ್ತದೆ. 2022ರಲ್ಲಿ ಬಿತ್ತು, 2025ರ ಜನವರಿಯಲ್ಲಿ ಮತ್ತೆ ಬಿತ್ತು, ಬಾಗಿನವೂ ಆಯಿತು. ಆ ಸಾಲು ಕದಲಿಲ್ಲ. ಅದರ ಪಕ್ಕದಲ್ಲಿ 'ಹೊಸದು' ಎಂದು ಕೆಂಪಗೆ ಮಿನುಗುವುದೂ ನಿಂತಿಲ್ಲ.

ಗುಣಮಟ್ಟ ಕೇಳಿದರೆ "ಎಲ್ಲಾ ಸ್ಟ್ಯಾಂಡರ್ಡ್ ಪ್ರಕಾರವೇ ಇದೆ" ಅಂತೀರಿ. ಯಾವ ಸ್ಟ್ಯಾಂಡರ್ಡು? ಸರ್ಕಾರಿ ವೆಬ್‌ಸೈಟುಗಳಿಗೆ ಕೇಂದ್ರ 2009ರಲ್ಲೇ ಮಾರ್ಗಸೂಚಿ ತಂದಿತು, 2023ರಲ್ಲಿ ಮೂರನೇ ಆವೃತ್ತಿಯೂ ಬಂತು. ಪುಟ ಕೊನೆಯ ಸಲ ಯಾವಾಗ ಪರಿಷ್ಕರಣೆಯಾಯಿತೆಂದು ಕಾಣಿಸಬೇಕು, ಕಣ್ಣು ಕಾಣದವರಿಗೂ ಸ್ಕ್ರೀನ್ ರೀಡರ್ ಓದಿ ಹೇಳುವಂತಿರಬೇಕು ಎನ್ನುತ್ತದೆ ಅದು. ಖಾಸಗಿಯವರಿಗೆ ಅದು ಕಟ್ಟಳೆಯಲ್ಲ ಅಂತೀರಿ, ಒಪ್ಪಿದೆ. ಆದರೆ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರಷ್ಟು ಹೊಳಪಿನ ಅಂತರ ಬೇಕೆಂಬುದು ಜಗತ್ತಿನ ವೆಬ್ ಮಂದಿ ಒಪ್ಪಿಕೊಂಡ ಅಳತೆ. ತಾವು ಹಳದಿಯ ಮೇಲೆ ಬಿಳಿಯಲ್ಲಿ ಬರೆದಿದ್ದೀರಿ. ಕನ್ನಡವನ್ನಂತೂ ಚಿತ್ರ ಮಾಡಿ ಅಂಟಿಸಿದ್ದೀರಿ. ಓದಿಸಿದರೆ ಸ್ಕ್ರೀನ್ ರೀಡರ್ ಮೂಕ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಿಂದಲೇ ಜಾಗವಿದೆ, ಬಾಡಿಗೆಯೂ ಇಲ್ಲ.

ಬಾಳಿಕೆಯ ಮಾತಿಗೆ ಬಂದರೆ, ನಮ್ಮ ಚಂದ್ರವಳ್ಳಿಯಲ್ಲಿ ಕದಂಬರ ಮಯೂರಶರ್ಮ ಕೆರೆ ಕಟ್ಟಿಸಿದ ಸಂಗತಿ ಬಂಡೆಯ ಮೇಲಿದೆ, ನಾಲ್ಕನೇ ಶತಮಾನದ್ದು. ಹೋಸ್ಟಿಂಗ್ ಶುಲ್ಕ ಕಟ್ಟದಿದ್ದರೂ ಇವತ್ತಿಗೂ ತೆರೆಯುತ್ತದೆ. ಬಂಡೆಗೆ ಬಿಡಿ, ಅಷ್ಟು ಆರೈಕೆ ಬೇಕಿಲ್ಲ, ಕೆರೆಗೆ ಬೇಕು. ಅದಕ್ಕೇ ಹೂಳೆತ್ತುವುದಕ್ಕೆ, ಏರಿಯ ದುರಸ್ತಿಗೆ ಎಂದೇ ಬಿತ್ತುವಟ್ಟ, ಕಟ್ಟುಕೊಡಗೆ ಅಂತ ಭೂಮಿ ಬಿಡುತ್ತಿದ್ದರೆಂದು ಶಾಸನಗಳು ಹೇಳುತ್ತವೆ. ತೂಬು ನೋಡಿಕೊಳ್ಳಲು ನೀರುಗಂಟಿ ಇರುತ್ತಿದ್ದ. ತಮ್ಮ ಕೊಟೇಷನ್ನಿನಲ್ಲಿ ಸ್ಲೈಡರಿಗೆ ಬೆಲೆಯುಂಟು, ಹಾರಾಡುವ ಅಕ್ಷರಕ್ಕೆ ಬೆಲೆಯುಂಟು, ನೀರುಗಂಟಿಯ ಸಾಲೇ ಇಲ್ಲ.

ನಮ್ಮವರೇನು ಕಡಿಮೆಯಲ್ಲ. ಉದ್ಘಾಟನೆಯ ಶಾಲು, ಹಾರ, ಊಟಕ್ಕೆ ಧಾರಾಳವಾಗಿ ಕೊಟ್ಟ ಖಜಾಂಚಿ, ನಿರ್ವಹಣೆ ಅಂದ ಕೂಡಲೇ, "ವರ್ಷಾ ವರ್ಷಾ ದುಡ್ಡೇಕ್ರೀ, ಸೈಟೇನು ಹಸುವೇ ಮೇವು ಹಾಕೋಕೆ?" ಅಂದರು. ತಾವು ಅದೇ ಸಾಕೆಂದು ಚೆಕ್ ಜೇಬಿಗಿಟ್ಟು ಹೊರಟಿರಿ. ಡೊಮೈನ್ ನವೀಕರಿಸುವ ದಿನ ಯಾರಿಗೂ ನೆನಪಾಗಲಿಲ್ಲ. ಹೊಸದುರ್ಗದ ಕಡೆಯ ದೇವಸ್ಥಾನ ಸಮಿತಿಯೊಂದರ ಸೇವಾಪಟ್ಟಿ ತೆರೆದರೆ ಈಗ ರಮ್ಮಿ ಆಡಲು ಕರೆಯುತ್ತದೆ. ಭಕ್ತರ ಸಂಖ್ಯೆ ಏರಿದೆ ಎಂದು ಸಮಿತಿಯವರಿಗೆ ಖುಷಿ.

ಆದ್ದರಿಂದ ಮುಂದಿನ ಕರಾರಿನಲ್ಲಿ ಹೀಗೆ ಬರೆಯೋಣ: ಅರ್ಧ ಹಣ ಉದ್ಘಾಟನೆಯ ದಿನ, ಉಳಿದದ್ದು ಮೂರು ವರ್ಷಕ್ಕೆ ಹಂಚಿ, ಪುಟ ತೆರೆದರೆ, ಫೋನ್ ನಂಬರು ಸರಿಯಿದ್ದರೆ, ಬ್ಯಾಕಪ್ಪಿನ ಪ್ರತಿ ನಮ್ಮ ಕೈಲಿದ್ದರೆ. ಡೊಮೈನ್ ಸಂಘದ ಹೆಸರಲ್ಲೇ ಇರತಕ್ಕದ್ದು, ತಮ್ಮ ಭಾವಮೈದುನನ ಹೆಸರಲ್ಲಲ್ಲ.

ಒಪ್ಪಿಗೆಯಾದರೆ ಅಂಚೆಯಲ್ಲಿ ತಿಳಿಸಿ. ಸೈಟಿನ 'ಸಂಪರ್ಕಿಸಿ' ಪುಟದಲ್ಲಿ ಮಾತ್ರ ಬರೆಯಬೇಡಿ. ಅಲ್ಲಿ ಬರೆದದ್ದೆಲ್ಲ ತಮ್ಮಲ್ಲಿ ಕೆಲಸಕ್ಕಿದ್ದ ಹುಡುಗನ ಜಿಮೇಲಿಗೆ ಹೋಗುತ್ತದಂತೆ. ಅವನು ಪಾಸ್‌ವರ್ಡ್ ಸಮೇತ ಬೆಂಗಳೂರಿಗೆ ಹೋಗಿದ್ದಾನೆ.

ಇಂತಿ,
ತಮ್ಮ ಹಳೇ ಗಿರಾಕಿ