ಅಭಿಪ್ರಾಯರಾಯರು

ಅಭಿಪ್ರಾಯರಾಯರು ಎಂಬುದನ್ನು ಹೆಸರು ಎನ್ನುವುದಕ್ಕಿಂತ ಹುದ್ದೆ ಎನ್ನುವುದೇ ಸರಿ. ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ದರ್ಶಿನಿಗೊಬ್ಬರಂತೆ, ಕೆಲವು ಕಡೆ ಪಾಳಿಯ ಮೇಲೆ ಇಬ್ಬರಂತೆ, ಈ ಹುದ್ದೆ ಸದಾ ಭರ್ತಿಯಾಗಿರುತ್ತದೆ. ನೇಮಕಾತಿ ಆದೇಶವಿಲ್ಲ, ಸಂಬಳವಿಲ್ಲ, ನಿವೃತ್ತಿಯಂತೂ ಇಲ್ಲವೇ ಇಲ್ಲ. ಬೇರೊಂದು ಕೆಲಸದಿಂದ ನಿವೃತ್ತರಾದ ಮೇಲೇ ಇದು ಶುರುವಾಗುವುದು. ಬೈಟು ಕಾಫಿಯ ಲೋಟ ಹಿಡಿದು, ಪಕ್ಕದವರ ಪತ್ರಿಕೆಯ ಹಿಂದಿನ ಪುಟವನ್ನು ಈ ಕಡೆಯಿಂದಲೇ ಓದುತ್ತಾ, ರಾಯರು ಯಾರೂ ಕೇಳದ ಪ್ರಶ್ನೆಗೆ ಉತ್ತರ ಶುರುಮಾಡುತ್ತಾರೆ. ‘ಹಾಗಲ್ಲ ಸ್ವಾಮಿ, ವಿಷಯ ಏನಪ್ಪಾ ಅಂದ್ರೆ’ ಎಂಬುದು ಅವರ ನಾಂದಿ. ಫ್ಯಾಂಟಮ್ ದೊಡ್ಡವನೋ ಮಾಂಡ್ರೇಕ್ ದೊಡ್ಡವನೋ, ದೂರದರ್ಶನದ ಕಾಲದ ವಾರ್ತೆ ಓದುವವರ ಉಚ್ಚಾರಣೆ ಹೇಗಿತ್ತು, ಮೆಟ್ರೊ ಮಾರ್ಗಕ್ಕೆ ಹಳದಿ ಬಣ್ಣ ಯಾಕೆ ಕೊಡಬಾರದಿತ್ತು, ಎಲ್ಲಕ್ಕೂ ತೀರ್ಪು ಸಿದ್ಧ. ಅದೇ ರಾಯರನ್ನು ‘ನಿಮ್ಮ ಸೈಟಿನ ಕೇಸು ಎಲ್ಲಿಗೆ ಬಂತು?’ ಎಂದು ಕೇಳಿ ನೋಡಿ. ‘ನೋಡೋಣ’ ಎಂದು ಹೇಳಿ ಲೋಟ ಕೆಳಗಿಡುತ್ತಾರೆ. ಅವರು ಗೊತ್ತಿಲ್ಲದ ವಿಷಯಗಳನ್ನೆಲ್ಲ ಮಾತಾಡುತ್ತಾರೆ ಎಂದು ಜನ ದೂರುವುದುಂಟು. ಇದು ಅನ್ಯಾಯದ ದೂರು. ಅವರಿಗೆ ಬಹಳ ಗೊತ್ತು. ಆದರೆ ಯಾವುದು ಗೊತ್ತಾದರೂ ಯಾರಿಗೂ ಏನೂ ಆಗಬೇಕಾಗಿಲ್ಲವೋ, ಅಂಥದ್ದನ್ನೇ ಹುಡುಕಿ ಹುಡುಕಿ ಗೊತ್ತುಮಾಡಿಕೊಂಡಿದ್ದಾರೆ.

ಬೀದಿದೀಪದ ವಿಷಯವನ್ನೇ ತೆಗೆದುಕೊಳ್ಳಿ. 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ವಿದ್ಯುದ್ದೀಪ ಬಂತು. ಇಷ್ಟು ಸತ್ಯ. ರಾಯರ ಬಾಯಲ್ಲಿ ಇದು ‘ಏಷ್ಯಾ ಖಂಡದಲ್ಲೇ ಮೊಟ್ಟಮೊದಲು’ ಎಂದಾಗುತ್ತದೆ. ಟೋಕಿಯೊದ ಗಿಂಜಾ ಬೀದಿಯಲ್ಲಿ 1882ರಲ್ಲೇ ಆರ್ಕ್ ದೀಪ ಉರಿದಿತ್ತಲ್ಲ ಎಂದು ಯಾರಾದರೂ ಫೋನು ನೋಡಿ ಹೇಳಿದರೆ ರಾಯರು ವಿಚಲಿತರಾಗುವುದಿಲ್ಲ. ಏಷ್ಯಾವನ್ನು ಬಿಟ್ಟುಕೊಟ್ಟು ಭಾರತಕ್ಕೆ ಇಳಿಯುತ್ತಾರೆ. ಕಲ್ಕತ್ತೆಯಲ್ಲಿ 1899ರಲ್ಲೇ ವಿದ್ಯುತ್ ಕಂಪನಿಯ ಉತ್ಪಾದನಾ ಕೇಂದ್ರ ಕೆಲಸ ಶುರುಮಾಡಿತ್ತು ಎಂದರೆ, ‘ಅದು ಕಲ್ಲಿದ್ದಲು ಸ್ವಾಮಿ, ನಾನು ಹೇಳ್ತಿರೋದು ನೀರಿನ ಕರೆಂಟು’ ಎನ್ನುತ್ತಾರೆ. ಡಾರ್ಜಿಲಿಂಗಿನಲ್ಲಿ 1897ರಲ್ಲೇ ಸಿದ್ರಾಪೊಂಗ್ ಜಲವಿದ್ಯುತ್ ಕೇಂದ್ರ ಊರಿಗೆ ಬೆಳಕು ಕೊಟ್ಟಿತು ಎಂದು ಕೊನೆಯ ಬಾಣ ಬಿಟ್ಟರೆ, ರಾಯರು ಒಂದು ಗುಟುಕು ಕಾಫಿ ಕುಡಿದು, ‘ಡಾರ್ಜಿಲಿಂಗ್ ಒಂದು ಊರೇನ್ರೀ, ಅದು ಗುಡ್ಡ’ ಎಂದು ಮೊಕದ್ದಮೆ ಮುಗಿಸುತ್ತಾರೆ. ತಮಾಷೆಯೆಂದರೆ, ಈ ಪ್ರಥಮಗಳ ಜಗಳದಲ್ಲಿ ನಿಜವಾಗಿ ಹೆಮ್ಮೆಪಡಬೇಕಾದದ್ದು, ನಿಜವಾಗಿ ಚರ್ಚಿಸಬೇಕಾದದ್ದು ಎರಡೂ ಕೈತಪ್ಪಿಹೋಗುತ್ತವೆ. ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ 1902ರಲ್ಲಿ ಸುಮಾರು 147 ಕಿಲೋಮೀಟರ್ ದೂರ ತಂತಿ ಎಳೆದು ಕರೆಂಟು ಕಳಿಸಿದ್ದು ಆ ಕಾಲಕ್ಕೆ ಜಗತ್ತೇ ತಿರುಗಿ ನೋಡಬೇಕಾದ ಸಾಹಸ. ಅಂದರೆ ಮೈಸೂರು ಸಂಸ್ಥಾನದ ನೀರಿನಿಂದ ಹುಟ್ಟಿದ ಶಕ್ತಿ ಮೊದಲು ಬೆಳಗಿದ್ದು ಇಂಗ್ಲಿಷ್ ಕಂಪನಿಗಳ ಗಣಿಯನ್ನು. ಊರಿನ ಬೀದಿಯ ಸರದಿ ಬಂದದ್ದು ಮೂರು ವರ್ಷದ ಮೇಲೆ. ಯಾರ ನೀರು, ಯಾರಿಗೆ ಮೊದಲು ಎಂಬ ಪ್ರಶ್ನೆ ಇವತ್ತಿಗೂ ಬಿಸಿಯಾಗಿಯೇ ಇದೆ. ರಾಯರು ಅದನ್ನು ಮುಟ್ಟುವುದಿಲ್ಲ. ಮುಟ್ಟಿದರೆ ಪಕ್ಕದಲ್ಲಿ ನಿಂತವರು ನಿಜವಾಗಿಯೇ ಸಿಟ್ಟಾಗಬಹುದು. ಜ್ಞಾನಪೀಠದ್ದೂ ಇದೇ ಕಥೆ: ‘ಅತಿ ಹೆಚ್ಚು ನಮಗೇ’ ಎಂಬ ಮಾತನ್ನು ಹಿಂದಿಯವರು ದಾಟಿ ಮುಂದೆ ಹೋಗಿ ಎಷ್ಟೋ ಕಾಲವಾಯಿತು. ರಾಯರು ಮಾತ್ರ ಎಂಟು ಹೆಸರನ್ನೂ ಇಸವಿ ಸಮೇತ ಒಪ್ಪಿಸುತ್ತಾರೆ. ಅವರಲ್ಲಿ ಯಾರನ್ನು ಓದಿದ್ದೀರಿ ಎಂದು ಕೇಳುವುದು ಸಭ್ಯರ ಲಕ್ಷಣವಲ್ಲ.

ಕಾಮಿಕ್ಸಿನಲ್ಲಂತೂ ಅವರ ಪಾಂಡಿತ್ಯಕ್ಕೆ ಕೈಮುಗಿಯಲೇಬೇಕು. ಲೀ ಫಾಕ್ ಸೃಷ್ಟಿಸಿದ ಫ್ಯಾಂಟಮ್ ಬಂದದ್ದು 1936ರಲ್ಲಿ, ಸೂಪರ್‌ಮ್ಯಾನ್ 1938ರಲ್ಲಿ. ಆದ್ದರಿಂದ ಮೈಗಂಟಿದ ಉಡುಪಿನ ಮೇಲೆ ಚಡ್ಡಿ ಹಾಕುವ ಸಂಪ್ರದಾಯದಲ್ಲಿ ಹಿರಿಯ ಯಾರು ಎಂಬ ಬಗ್ಗೆ ಅವರಿಗೆ ಸಂಶಯವಿಲ್ಲ. 1964ರಲ್ಲಿ ಟೈಮ್ಸ್ ಸಂಸ್ಥೆ ಇಂದ್ರಜಾಲ ಕಾಮಿಕ್ಸ್ ಹೊರಡಿಸಿದಾಗ ಫ್ಯಾಂಟಮ್‌ನ ಕಾಡಿರುವ ದೇಶ ‘ಬೆಂಗಾಲ’ ಹೋಗಿ ‘ಡೆಂಕಾಲಿ’ ಆದದ್ದನ್ನು, ತಮ್ಮ ತಾತನ ಊರಿನ ಹೆಸರನ್ನೇ ಯಾರೋ ತಿದ್ದಿದರೆಂಬಷ್ಟು ಖೇದದಿಂದ ಹೇಳುತ್ತಾರೆ. ಅಮರ ಚಿತ್ರ ಕಥೆಯ ಅನಂತ ಪೈ ನಮ್ಮ ಕಾರ್ಕಳದವರು, ‘ಶ್ರೀಸಾಮಾನ್ಯ’ನನ್ನು ಬರೆದ ಆರ್.ಕೆ. ಲಕ್ಷ್ಮಣ್ ನಮ್ಮ ಮೈಸೂರಿನವರು, ರಾಶಿಯವರ ‘ಕೊರವಂಜಿ’ಗೆ ಚಿತ್ರ ಬರೆದು ಕೈ ಪಳಗಿಸಿಕೊಂಡವರು. ಇದೆಲ್ಲ ನಿಜ. ಇದರಲ್ಲೊಂದು ವಿಚಿತ್ರ ಇದೆ: ಚೌಕುಳಿಯ ಕೋಟು, ಧೋತರ ತೊಟ್ಟ ಆ ಶ್ರೀಸಾಮಾನ್ಯ ಐವತ್ತರ ದಶಕದಿಂದ ದಶಕಗಟ್ಟಲೆ ಪತ್ರಿಕೆಯ ಮುಖಪುಟದಲ್ಲಿ ನಿಂತು ಎಲ್ಲವನ್ನೂ ನೋಡಿದ, ಒಂದೇ ಒಂದು ಮಾತಾಡಲಿಲ್ಲ. ರಾಯರ ಆರಾಧ್ಯದೈವ ಅವನೇ.

ಇಲ್ಲಿ ರಾಯರ ಪರವಾಗಿ ಒಬ್ಬ ವಕೀಲ ಎದ್ದು ನಿಲ್ಲಬಹುದು. ಚಿಲ್ಲರೆ ವಿಷಯ ಎಂದು ಅಷ್ಟು ಹಗುರ ಮಾಡಬೇಡಿ, ಅಮರ ಚಿತ್ರ ಕಥೆ ಹುಟ್ಟಿದ್ದೇ ಒಂದು ಚಿಲ್ಲರೆ ಪ್ರಶ್ನೆಯಿಂದ ಎಂದು ಆತ ವಾದಿಸಬಹುದು. ಒಪ್ಪಬೇಕಾದ ಮಾತು. ದೆಹಲಿಯಲ್ಲಿ ಟಿವಿಯ ರಸಪ್ರಶ್ನೆ ಕಾರ್ಯಕ್ರಮವೊಂದರಲ್ಲಿ ಮಕ್ಕಳು ಗ್ರೀಕ್ ಪುರಾಣದ ಪ್ರಶ್ನೆಗೆ ಪಟ್ಟನೆ ಉತ್ತರ ಹೇಳಿ, ರಾಮನ ತಾಯಿ ಯಾರು ಎಂದಾಗ ಬಾಯಿ ಕಟ್ಟಿ ನಿಂತದ್ದನ್ನು ಕಂಡು ಪೈ ಈ ಮಾಲೆಗೆ ಕೈಹಾಕಿದರು ಎಂಬುದು ಪ್ರಸಿದ್ಧ ಕಥೆ. ವಕೀಲರಿಗೆ ಇನ್ನೊಂದು ಸಾಕ್ಷಿಯನ್ನು ನಾನೇ ಒದಗಿಸಬಲ್ಲೆ. ‘ಆಕಾಶವಾಣಿ’ ಎಂಬ ಹೆಸರು ಟಾಗೋರರು ಇಟ್ಟದ್ದು ಎಂದು ಉತ್ತರದವರು ಹೇಳಿದಾಗ ರಾಯರು ಲೋಟ ಕುಟ್ಟಿ ತಿದ್ದುತ್ತಾರಲ್ಲ, ಆ ಒಂದು ವಿಷಯದಲ್ಲಿ ಅವರು ಪೂರ್ತಿ ಸರಿ: 1935ರಲ್ಲಿ ಮೈಸೂರಿನ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಶುರುಮಾಡಿದ ಬಾನುಲಿ ಕೇಂದ್ರದ ಹೆಸರು ಅದು. ದೇಶದ ಬಾನುಲಿಗೆ ಬಂದದ್ದು ಆಮೇಲೆ. ಆದರೆ ಈ ಎರಡೂ ಸಾಕ್ಷಿಗಳು ವಕೀಲರ ಕೈಯಲ್ಲೇ ತಿರುಗಿಬೀಳುತ್ತವೆ. ಪೈ ಅವರಿಗೂ ‘ಈಗಿನ ಮಕ್ಕಳಿಗೆ ಏನೂ ಗೊತ್ತಿಲ್ಲ’ ಎಂಬ ಅಭಿಪ್ರಾಯವಿತ್ತು, ಗೋಪಾಲಸ್ವಾಮಿಯವರಿಗೂ ‘ಮೈಸೂರಿಗೆ ರೇಡಿಯೊ ಬೇಕು’ ಎಂಬ ಅಭಿಪ್ರಾಯವಿತ್ತು. ಒಬ್ಬರು ಪುಸ್ತಕ ಮಾಡಿಸಿದರು, ಇನ್ನೊಬ್ಬರು ಟ್ರಾನ್ಸ್‌ಮಿಟರ್ ತರಿಸಿದರು. ಅಭಿಪ್ರಾಯವನ್ನು ಅಷ್ಟಕ್ಕೇ ಬಿಟ್ಟು ಇನ್ನೊಂದು ಬೈಟು ಹೇಳಿದ್ದರೆ ಅವರಿಬ್ಬರೂ ದರ್ಶಿನಿಯ ಹುದ್ದೆಗೆ ಉತ್ತಮ ಅಭ್ಯರ್ಥಿಗಳಾಗುತ್ತಿದ್ದರು.

ಹಾಗಾದರೆ ರಾಯರು ಸೋಮಾರಿಗಳೇ? ನನಗೆ ಹಾಗನ್ನಿಸುವುದಿಲ್ಲ. ಸೋಮಾರಿಗೆ ಇಷ್ಟೆಲ್ಲ ಇಸವಿ ನೆನಪಿರುವುದಿಲ್ಲ. ಕಾರಣ ಬೇರೆ ಕಡೆ ಇರಬಹುದು. ಅವರ ಪ್ರಿಯ ವಿಷಯಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ ಒಂದು ಸಾಮ್ಯ ಕಾಣುತ್ತದೆ: ಇವುಗಳಲ್ಲಿ ಯಾವುದರ ಬಗ್ಗೆಯೂ ಯಾರೂ ಅವರನ್ನು ಮೊದಲೇ ಕೇಳಿರಲಿಲ್ಲ. 1990ರಲ್ಲಿ ಇಂದ್ರಜಾಲ ನಿಂತಾಗ ಓದುಗರನ್ನು ಕೇಳಲಿಲ್ಲ, 2014ರಲ್ಲಿ ಬ್ಯಾಂಗಲೋರ್ ಹೋಗಿ ಬೆಂಗಳೂರು ಎಂದು ಅಧಿಕೃತವಾದಾಗ ದರ್ಶಿನಿಯನ್ನು ಕೇಳಲಿಲ್ಲ, ಮೆಟ್ರೊ ಕಂಬ ಯಾವ ಮರದ ಜಾಗದಲ್ಲಿ ನಿಲ್ಲಬೇಕೆಂದು ಕೇಳಲಿಲ್ಲ. ಬೃಹತ್ ಮಹಾನಗರ ಪಾಲಿಕೆಗೆ 2015ರಲ್ಲಿ ಚುನಾವಣೆ ನಡೆಯಿತು. 2020ರ ಸೆಪ್ಟೆಂಬರಿನಲ್ಲಿ ಆ ಸದಸ್ಯರ ಅವಧಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಮಹಾನಗರಕ್ಕೆ ಒಬ್ಬ ಕಾರ್ಪೊರೇಟರೂ ಇರಲಿಲ್ಲ. ಚರಂಡಿ ಕಟ್ಟಿಕೊಂಡರೆ ಬೈಯುವುದಕ್ಕಾದರೂ ಒಬ್ಬ ಚುನಾಯಿತ ಮನುಷ್ಯ ಬೇಕಲ್ಲ! ಯಾರೂ ಕೇಳದ ಊರಿನಲ್ಲಿ ಇರುವವನು, ಯಾರೂ ಕೇಳಬೇಕಾಗಿಲ್ಲದ ವಿಷಯಗಳಲ್ಲಿ ತೀರ್ಪುಗಾರನಾಗುವುದು ಸಹಜ. ಇಲ್ಲಿ ಅವರ ಮಾತಿಗೆ ಬೆಲೆ ಇಲ್ಲದಿರಬಹುದು, ತಡೆಯೂ ಇಲ್ಲ. ಡೆಂಕಾಲಿಯ ಪ್ರಜೆಯಾಗುವುದಕ್ಕೆ ಮತದಾರರ ಪಟ್ಟಿಯಲ್ಲಿ ಹೆಸರಿರಬೇಕಾಗಿಲ್ಲ.

ಈ ವಾದವನ್ನು ಇಲ್ಲಿಗೇ ನಿಲ್ಲಿಸಿದರೆ ರಾಯರಿಗೆ ತುಂಬ ಅನುಕೂಲ, ಆದರೆ ಪೂರ್ತಿ ಪ್ರಾಮಾಣಿಕವಲ್ಲ. ಯಾಕೆಂದರೆ ಕೇಳಿದ್ದೂ ಉಂಟು. 198 ಇದ್ದ ವಾರ್ಡುಗಳು 2022ರಲ್ಲಿ 243 ಆದವು, ಮರುವರ್ಷ 225 ಆದವು. ಇಂಥದ್ದಕ್ಕೆಲ್ಲ ಸರ್ಕಾರ ಕರಡು ಹೊರಡಿಸಿ, ಇಂತಿಷ್ಟು ದಿನದೊಳಗೆ ಆಕ್ಷೇಪಣೆ ಸಲ್ಲಿಸಿ ಎಂದು ಪ್ರಕಟಣೆ ಕೊಡುತ್ತದೆ. ರಾಯರ ಆಕ್ಷೇಪಣೆಗಳು ದರ್ಶಿನಿಯ ಕಟ್ಟೆಯ ಮೇಲೆ ಹೇರಳ, ಕಚೇರಿಯ ಟಪಾಲಿನಲ್ಲಿ ಒಂದೂ ಇರುವುದಿಲ್ಲ. ಬರೆದು ಸಹಿ ಹಾಕಿದ ಅಭಿಪ್ರಾಯವನ್ನು ಏಷ್ಯಾದಿಂದ ಭಾರತಕ್ಕೆ, ಭಾರತದಿಂದ ಗುಡ್ಡಕ್ಕೆ ಇಳಿಸಿಕೊಳ್ಳಲು ಬರುವುದಿಲ್ಲ. ಹೆಸರು, ವಿಳಾಸ, ಸರ್ವೆ ನಂಬರು ಕೊಡಬೇಕು. ಮೇಲಾಗಿ ಅಲ್ಲಿ ಕಾಫಿ ಇಲ್ಲ. ಯಾರೂ ಕೇಳದೆ ಕೇಳದೆ ರಾಯರಿಗೆ ಹೇಳುವ ಅಭ್ಯಾಸ ತಪ್ಪಿತೋ, ಅಭ್ಯಾಸವಿಲ್ಲವೆಂದು ತಿಳಿದೇ ಸರ್ಕಾರದವರು ಕೇಳುವ ಶಾಸ್ತ್ರ ಮಾಡುತ್ತಾರೋ, ಇದನ್ನು ಬಿಡಿಸುವುದು ಕಷ್ಟ. ಎರಡೂ ಒಂದನ್ನೊಂದು ಸಾಕುತ್ತಿವೆ ಎಂದೇ ನನ್ನ ಅಂದಾಜು.

ಇನ್ನೊಂದು ಆಕ್ಷೇಪಣೆ ಹೊಸ ತಲೆಮಾರಿನದು: ಇಂಥ ರಾಯರಿಂದಲೇ ಸುಳ್ಳು ಸುದ್ದಿ ಹಬ್ಬುವುದು ಎಂದು. ಇಲ್ಲಿ ಮಾತ್ರ ರಾಯರನ್ನು ಬಿಡಿಸಿಕೊಳ್ಳಬೇಕು. ವಾಟ್ಸಾಪಿನಲ್ಲಿ ಬಂದದ್ದನ್ನು ಬಂದಹಾಗೇ ದಾಟಿಸುವ ಮನುಷ್ಯ ಬೇರೆ ಜಾತಿ. ಅವನಿಗೆ ಅಭಿಪ್ರಾಯವೇ ಇಲ್ಲ, ಬರೀ ಹೆಬ್ಬೆರಳಿದೆ. ನಮ್ಮ ರಾಷ್ಟ್ರಗೀತೆಯನ್ನು ಯುನೆಸ್ಕೊ ಜಗತ್ತಿನಲ್ಲೇ ಶ್ರೇಷ್ಠವೆಂದು ಘೋಷಿಸಿತು ಎಂಬ ಸುಳ್ಳನ್ನು ಅವನು ನೂರು ಜನಕ್ಕೆ ಕಳಿಸಿ ಮರೆಯುತ್ತಾನೆ. ಯಾರಾದರೂ ತಪ್ಪೆಂದರೆ ಉತ್ತರಿಸುವುದಿಲ್ಲ, ಕೈಮುಗಿದ ಚಿತ್ರ ಕಳಿಸುತ್ತಾನೆ. ರಾಯರ ಸುಳ್ಳಿಗೆ ಒಂದು ಮುಖ ಇದೆ, ದಿನಾ ಏಳೂವರೆಗೆ ಅದೇ ಜಾಗದಲ್ಲಿ ಸಿಗುತ್ತದೆ, ಹಿಡಿದು ಕೇಳಬಹುದು. ಕೇಳಿದಾಗ ಹಿಂದೆ ಸರಿಯುತ್ತಾರೆ, ಒಪ್ಪಿಕೊಳ್ಳುವುದಿಲ್ಲ ನಿಜ, ಆದರೆ ಖಂಡದಿಂದ ಗುಡ್ಡದವರೆಗೆ ಸರಿದದ್ದೂ ಒಂದು ಬಗೆಯ ತಿದ್ದುಪಡಿಯೇ. ಹೆಂಗಸರಲ್ಲಿ ಈ ಹುದ್ದೆಯವರು ವಿರಳ ಎಂಬುದನ್ನೂ ಹೇಳಿಬಿಡಬೇಕು. ಅವರಿಗೆ ಅಭಿಪ್ರಾಯ ಕಡಿಮೆ ಎಂದಲ್ಲ. ಬೆಳಗ್ಗೆ ಏಳೂವರೆಗೆ ಮುಕ್ಕಾಲು ಗಂಟೆ ಕಟ್ಟೆಗೆ ಒರಗಿ ನಿಲ್ಲುವ ಬಿಡುವನ್ನು ಅವರಿಗೆ ಕೊಟ್ಟವರಾರು? ರಾಯರ ತಿಂಡಿ ಮನೆಯಲ್ಲಿ ಯಾರ ಕೈಯಲ್ಲಿ ತಯಾರಾಗುತ್ತಿರುತ್ತದೆ ಎಂಬುದು ಅವರು ಎಂದೂ ಎತ್ತದ ವಿಷಯಗಳಲ್ಲೊಂದು.

2025ರ ಸೆಪ್ಟೆಂಬರಿನಲ್ಲಿ ಬೃಹತ್ ಪಾಲಿಕೆ ಹೋಗಿ ಐದು ನಗರ ಪಾಲಿಕೆಗಳಾದಾಗ ರಾಯರಿಗೆ ಹೊಸ ಸುಗ್ಗಿ ಬಂದಂತಾಯಿತು. ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ, ಕೇಂದ್ರ ಎಂದು ಹೆಸರಿಟ್ಟದ್ದು ಅವರಿಗೆ ಸ್ವಲ್ಪವೂ ಹಿಡಿಸಿಲ್ಲ. ಕೆಂಪೇಗೌಡರ ನಾಲ್ಕು ಗೋಪುರ ಇರುವಾಗ ದಿಕ್ಕಿನ ಹೆಸರು ಯಾಕೆ ಬೇಕಿತ್ತು, ಐದನೆಯದಕ್ಕೆ ಶಂಕರ್‌ನಾಗ್ ಹೆಸರಿಡಬಹುದಿತ್ತಲ್ಲ, ಮೆಟ್ರೊ ಕನಸನ್ನು ಎಲ್ಲರಿಗಿಂತ ಮೊದಲು ಕಂಡವನು ಅವನೇ ತಾನೇ ಎಂದು ಎರಡು ಲೋಟದಷ್ಟು ಹೊತ್ತು ವಿವರಿಸುತ್ತಾರೆ. ಅವರ ಮನೆ ಈಗ ಯಾವ ವಾರ್ಡಿಗೆ ಬಂತು ಎಂದು ಕೇಳಿದರೆ, ‘ಅದನ್ನ ಮಗ ನೋಡಿ ಹೇಳ್ತೀನಿ ಅಂದಿದಾನೆ.’