ಪಡುವಣ ಹಿತ್ತಲಿನ ಆಸನ
ಕುಮಟೆಯಿಂದ ಭಟ್ಕಳದವರೆಗೆ ಪಡುವಣಕ್ಕೆ ತೆರೆದ ಹಿತ್ತಲಿದ್ದವರಿಗೆಲ್ಲ ಒಂದೇ ಆಸೆ: ಸಂಜೆಬಿಸಿಲಿಗೆ ಮೈಯೊಡ್ಡಲು, ಯಾರ ಕಣ್ಣಿಗೂ ಬೀಳದ ಜಾಗ. ನಾಲ್ಕು ಚಿರೆಕಲ್ಲು, ಮೇಲೊಂದು ಚಪ್ಪಡಿ, ಮರೆಗೆ ದಾಸವಾಳ; ಆಯಿತು. ತೆಂಗಿನ ಬುಡ ಮಾತ್ರ ಬೇಡ, ಬೀಳುವ ಕಾಯಿಗೆ ದಾಕ್ಷಿಣ್ಯವಿಲ್ಲ. ಸೂರ್ಯನಿಗೂ ಇಲ್ಲ! ಡಿಸೆಂಬರಿನಲ್ಲಿ ನೇರ ಪಶ್ಚಿಮದಿಂದ ಸುಮಾರು 24 ಡಿಗ್ರಿ ತೆಂಕಕ್ಕೆ ಮುಳುಗುವವ, ಜೂನಿನಲ್ಲಿ ಅಷ್ಟೇ ಬಡಗಕ್ಕೆ. ಚಳಿಗಾಲದಲ್ಲಿ ಹಾಕಿದ ಆಸನದಿಂದ ಮೇ ತಿಂಗಳಲ್ಲಿ ಕಾಣುವುದು ಪಕ್ಕದ ಮನೆಯ ಕೊಟ್ಟಿಗೆ. ಮಳೆಗಾಲದ ಮಾತು ಬಿಡಿ, ಆಗ ಸೂರ್ಯನಿಗೇ ರಜೆ.

ಇನ್ನು ಏಕಾಂತ? ಕೂತರೆ ಸಾಕು, ಬೇಲಿಯಾಚೆಯಿಂದ ದನಿ: ‘ಎಂತ ಮಾರಾಯ್ರೇ, ಒಬ್ರೇ ಕೂತದ್ದು? ಮನೇಲಿ ಜಗಳವಾ?’ ಉತ್ತರಿಸುವಷ್ಟರಲ್ಲಿ ಕತ್ತಲು, ಸೊಳ್ಳೆ.

ಇದಕ್ಕಿಂತ ಕಡಲತೀರವೇ ವಾಸಿ. ಹೊನ್ನಾವರದ ಕಾಸರಕೋಡು ಕಡಲತೀರಕ್ಕೆ 2020ರಲ್ಲೇ ಸ್ವಚ್ಛ ತೀರವೆಂಬ ಬ್ಲೂ ಫ್ಲ್ಯಾಗ್ ಮಾನ್ಯತೆ ಬಂದಿದೆ. ಅಲ್ಲಿ ಜನಜಂಗುಳಿಯ ನಡುವೆ ಕೂತವರನ್ನು ಯಾರೂ ಮಾತಾಡಿಸುವುದಿಲ್ಲ. ಏಕಾಂತ ಬೇಕಾದವರು ಅಲ್ಲಿಗೇ ಬನ್ನಿ. ನನ್ನನ್ನು ಕಂಡರೆ ಮಾತ್ರ ಮಾತಾಡಿಸಬೇಡಿ.